ಮೇಸ್ತ್ರಿಯ ಲೋಟ

"ಯಾವನ ಜೊತೆ ಮಲಗಿ ತಂದ್ಕೊಂಡ್ಯೇ ಈ ರೋಗಾನ?"

ಮೇಸ್ತ್ರಿ ಗುಳಿಗೆ ಡಬ್ಬಿಯನ್ನು ಎತ್ತಿ ಹಿಡಿದು, ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಕಾಣುವಂತೆ ಆಡಿಸಿದ. ಗೇಟಿನವನು ಚೀಲ ತಡಕುವಾಗ ಸಿಕ್ಕಿದ್ದು ಅದು. ಎಲ್ಲರೂ ಕಡ್ಡಿ ಎಂದು ಕರೆಯುವ ಅವಳು, ಗಲಗಲ ಅನ್ನಬಾರದೆಂದು ಡಬ್ಬಿಯೊಳಗೆ ಹತ್ತಿ ತುರುಕಿದ್ದಳು. ಮನೆಯಲ್ಲಿಟ್ಟರೆ ಅತ್ತೆ ಬೀದಿಗೆ ಎಸೆದಾಳೆಂದು ಚೀಲದಲ್ಲೇ ಹೊತ್ತು ತಿರುಗುತ್ತಿದ್ದಳು. ಅಷ್ಟು ಜೋಪಾನವೂ ಮಣ್ಣುಪಾಲಾಯಿತು.

"ಗಂಡ ಕೊಟ್ಟುಹೋಗಿದ್ದು, ಮೇಸ್ತ್ರಿ. ಡಬ್ಬಿ ಕೊಡಿ, ಹತ್ತು ಗಂಟೆಗೆ ನುಂಗ್ಬೇಕು."

"ಸಾಹೇಬ್ರು ಬಂದು ನೋಡ್ಲಿ. ಅಲ್ಲಿವರೆಗೂ ನನ್ನ ಡ್ರಾಯರ್‌ನಲ್ಲಿರತ್ತೆ. ಇನ್ಮೇಲೆ ಇಲ್ಲಿ ನೀರು ಮುಟ್ಬೇಡ, ಲೋಟ ಮುಟ್ಬೇಡ."

"ಮತ್ತೆ ಕೆಲಸ?"

"ಮಾಡು. ಆಸ್ಪತ್ರೆ ಬಟ್ಟೆ ಬೇರೆ ಯಾವಳು ಮುಟ್ತಾಳೆ?"

ನಾಲ್ಕು ವರ್ಷದ ಹಿಂದೆ ಅವಳು ನಿಜಕ್ಕೂ ಕಡ್ಡಿಯಂತಿದ್ದಳು. ಗಂಡನೆಂಬ ಪುಣ್ಯಾತ್ಮ ಎಚ್‌ಐವಿ ರೋಗ ದಾಟಿಸಿ ಕಣ್ಣು ಮುಚ್ಚಿದ್ದ. ಗುಳಿಗೆ ಶುರುವಾದ ಮೇಲೆ ಮೈಕೈ ತುಂಬಿಕೊಂಡಿತು, ಹೆಸರು ಮಾತ್ರ ಹಾಗೇ ಉಳಿಯಿತು. ಒಂದೇ ಗುಳಿಗೆಯಲ್ಲಿ ಮೂರು ಔಷಧಿ. ಒಂದು ದಿನವೂ ತಪ್ಪಿಸಿದವಳಲ್ಲ. ರಕ್ತದಲ್ಲಿ ಹುಡುಕಿದರೂ ರೋಗ ಸಿಗುತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನ ದಾರಿಯುದ್ದಕ್ಕೂ ಅತ್ತಿದ್ದಳು, ಖುಷಿಗೆ.

ಮರುದಿನ ಕೆಲಸ ಮುಗಿಸಿದವಳೇ ಆಸ್ಪತ್ರೆಗೆ ಓಡಿದಳು. ನರ್ಸು ತಲೆ ಎತ್ತಲಿಲ್ಲ.

"ನಿನ್ನ ಮುಂದಿನ ಡಬ್ಬಿ ಸಿಗೋದು ಇಪ್ಪತ್ತೆಂಟನೇ ತಾರೀಖಿಗೆ. ಕಳ್ಕೊಂಡೆ ಅಂತ ಬರ್ತೀರ, ಎಲ್ಲಿ ಮಾರ್ಕೊಂಡಿರ್ತೀರೋ."

"ಕಳ್ಕೊಂಡಿಲ್ಲಕ್ಕ, ಕಿತ್ಕೊಂಡಿದಾರೆ."

"ಹಾಗಾದ್ರೆ ಹೋಗಿ ಇಸ್ಕೊ. ತಪ್ಪಿಸ್ತಾ ಹೋದ್ರೆ ರೋಗ ಔಷಧಿಗೆ ಒಗ್ಗಿಬಿಡತ್ತೆ, ಆಮೇಲೆ ಇದು ನಾಟಲ್ಲ. ಎರಡು ದಿನದ್ದು ಸೇರಿಸಿ ಒಟ್ಟಿಗೆ ನುಂಗ್ಬೇಡ ಮತ್ತೆ. ಯಾರು ಮುಂದಿನವರು?"

ಮೂರನೇ ದಿನ ಕಡ್ಡಿ ರಕ್ತದ ಕಲೆ ಕೂತ ಹಾಸುಬಟ್ಟೆಗಳ ರಾಶಿಯ ನಡುವೆ ನಿಂತು ಗೋಡೆ ಗಡಿಯಾರ ನೋಡುತ್ತಿದ್ದಳು. ಹತ್ತಕ್ಕೆ ಐದು ನಿಮಿಷ. ಇಷ್ಟು ದಿನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು ಈಗ ದೂರ ಸರಿದಿದ್ದರು. ಇಸ್ತ್ರಿ ಅಜ್ಜಿ ಒಬ್ಬಳೇ ಹತ್ತಿರ ಬಂದಳು.

"ಎಷ್ಟು ತಪ್ತೇ?"

"ಎರಡು, ಅಜ್ಜಿ. ಇವತ್ತೂ ತಪ್ಪಿದ್ರೆ ನಾನು ಸತ್ತೆ."

ಅಜ್ಜಿ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟಳು. "ಭಾರ ಇದೆ, ಹುಷಾರು." ಕಡ್ಡಿ ಅದನ್ನೆತ್ತಿಕೊಂಡು ಮೇಸ್ತ್ರಿಯ ಕೋಣೆಗೆ ನುಗ್ಗಿದಳು.

"ಏಯ್, ಆಚೆ ನಿಲ್ಲೇ!" ಎಂದು ಮೇಸ್ತ್ರಿ ಕುರ್ಚಿಯಿಂದ ಏಳುವಷ್ಟರಲ್ಲಿ ಎರಡು ಏಟು ಬಿದ್ದು ಡ್ರಾಯರಿನ ಬೀಗ ಕಿತ್ತುಬಂದಿತ್ತು. ಕಡ್ಡಿ ಡಬ್ಬಿ ತೆರೆದು ಹತ್ತಿಯನ್ನು ಎಳೆದು ಮೇಜಿನ ಮೇಲೆ ಎಸೆದಳು. ಮೂರು ನುಂಗಿಬಿಡೋಣ ಅನ್ನಿಸಿತು. ಒಂದೇ ತೆಗೆದಳು. ಮೇಸ್ತ್ರಿಯ ಸ್ಟೀಲ್ ಲೋಟವೆತ್ತಿ, ಕಚ್ಚಿಕೊಂಡೇ ತಳದವರೆಗೂ ಕುಡಿದಳು.

"ಸೂಳೆಮುಂಡೆ! ನನ್ನ ಲೋಟ!"

"ಎಂಜಲಿಂದ ಬರಲ್ಲ ಇದು, ಹೆದರ್ಬೇಡಿ. ನಿಮ್ಮ ಬಾಯಿಂದ ಬರೋದಕ್ಕಿಂತ ನನ್ನ ಎಂಜಲೇ ಎಷ್ಟೋ ವಾಸಿ."

"ಬಾರೋ ಇಲ್ಲಿ! ಎಳ್ಕೊಂಡು ಹೋಗೋ ಇವಳನ್ನ!"

ಗೇಟಿನವನು ಓಡಿ ಬಂದ. ಬಾಗಿಲಲ್ಲೇ ನಿಂತ. ಅವಳನ್ನು ನೋಡಿದ, ತನ್ನ ಎರಡೂ ಕೈ ನೋಡಿಕೊಂಡ, ಬೆನ್ನ ಹಿಂದೆ ಕಟ್ಟಿಕೊಂಡ.

"ಮುಟ್ಟೋ, ಬೋಳಿಮಗನೆ!"

"ನೀವೇ ಮುಟ್ಟಿ, ಮೇಸ್ತ್ರಿ."

ಮೇಸ್ತ್ರಿ ಗೋಡೆಗೆ ಒತ್ತಿಕೊಂಡ. ಕಡ್ಡಿ ಡಬ್ಬಿಯನ್ನು ಕೈಯಲ್ಲೇ ಹಿಡಿದು ಇಬ್ಬರ ನಡುವೆ ಹಾದು, ಆಸ್ಪತ್ರೆ ಬಟ್ಟೆಗಳ ರಾಶಿಯ ಕಡೆ ನಡೆದಳು. ಹತ್ತಿಯಿಲ್ಲದ ಡಬ್ಬಿ ಹೆಜ್ಜೆ ಹೆಜ್ಜೆಗೂ ಗಲಗಲ ಅನ್ನುತ್ತಿತ್ತು.