ಮಗಳ ಜಾಗಾದಾಗ

ಸಾಸಿವಿ ಚಟಪಟ ಅನ್ನಾಕತ್ತಾವ, ಅಯ್ಯ ಶಿವನ, ಗಾಡ್ಯಾಗ ಒಗ್ಗರಣಿ, ಹಳಿಯಾಳ ರಸ್ತ್ಯಾಗ ಹುಣಸಿ ಗಿಡದ ನೆರಳಿಗೆ ನಿಂತೈತಿ ಖರೇ, ಆದರೂ ಗಾಡಿ ಅಂದ್ರ ಗಾಡಿನ — ಒಳಗ ಒಲಿ, ಹಾಸಿಗಿ, ಗಂಗಾಳದಷ್ಟ ಒಂದ ಬಚ್ಚಲಾ, ಪುಣೆದಾಗ ಇಂಥಾ ಮನಿಗಾಡಿ ಬಾಡಿಗಿಗೆ ಸಿಗತಾವಂತ, ಅಳಿಯಾ ಬಸವಕಿರಣ ನಿನ್ನೆ ಗೋಕುಲ ರಸ್ತೆಕ ನಮ್ಮ ಮನಿ ಮುಂದ ತಂದ ನಿಂದರಿಸಿದಾಗ ಓಣಿ ಮಂದೆಲ್ಲಾ ಹಣಿಕಿ ಹಾಕಿ ಹೋದ್ರು, ಬರ್ರಿ ಅತ್ತೀ ಮಾಂವಾ, ದಾಂಡೇಲಿ ನೋಡೂಣು, ಸಮುದ್ರಾ ನೋಡೂಣು, ನಮ್ಮನಿಯವರು ನೀ ಹೋಗ ನನ್ನ ಕಡಿಂದ ಆಗೂದಿಲ್ಲ ಅಂದ ದುರ್ಗದಬೈಲಿಗೆ ಅಂಗಡಿ ತಗಿಯಾಕ ಹೋಗಿಬಿಟ್ರು, ಗಂಡಸರದ ಛಲೋ ಐತಿ, ತಡಕೊಳ್ಳಾಕ ಆಗಲಿಲ್ಲಂದ್ರ ಅಂಗಡಿ ಇರತೈತಿ, ನಾ ಎಲ್ಲಿಗೆ ಹೋಗಲಿ. ಒಲಿ ಮುಂದ ಬೆನ್ನ ಮಾಡಿ ನಿಂತಾಕಿ ಮಾನಸಿ, ಅಳಿಯಾನ ಹೆಂಡ್ತಿ, ನನ್ನ ಮಗಳಲ್ಲ, ನನ್ನ ಮಗಳು ಭಾಗ್ಯಶ್ರೀ, ನನ್ನ ಭಾಗೂ, ಡೆಂಗಿ ಜ್ವರದಾಗ ಹೋಗಿಬಿಟ್ಲು, ಕೂಸಿಗೆ ಇನ್ನಾ ಹಲ್ಲ ಬಂದಿದ್ದಿಲ್ಲ, ಆಮ್ಯಾಲೆ ಈಕಿ ಬಂದ್ಲು, ಕೂಸ ಈಕಿನ್ನ ಮಮ್ಮಿ ಅಂದ ಮಾತ ಕಲೀತು, ಈಗ ನೋಡ, ಓಢಣಿ ಹಿಡಕೊಂಡ ನನಗ ಶೇಂಗಾ ಜಾಸ್ತಿ ಹಾಕ ಮಮ್ಮಿ ಅನ್ನಾಕತ್ತೈತಿ.

ಇವತ್ತ ಬೆಳಿಗ್ಗೆ ಉಡಿ ತುಂಬಿದ್ನಿ. ತುಂಬಬೇಕಲ್ಲ, ನಮ್ಮೊಳಗ ಪದ್ಧತಿ, ಸತ್ತ ಮಗಳ ಗಂಡ ಮತ್ತೊಂದ ಮದುವಿ ಆದ್ರ ಬಂದಾಕಿನ್ನ ಮನಿಗೆ ಕರೀಬೇಕು, ಮಗಳು ಕೂಡೂ ಜಾಗಾದಾಗ ಕುಂಡ್ರಸಬೇಕು, ಉಡ್ಯಾಗ ಅಕ್ಕಿ, ಒಣಕೊಬ್ಬರಿ, ಅರಿಶಿಣ ಬೇರ ಹಾಕಿ ಇವತ್ತಿನಿಂದ ನೀ ನನ್ನ ಮಗಳವಾ ಅನ್ನಬೇಕು — ಇಷ್ಟ ವರ್ಷ ಕರಿಯಾಕ ನನಗ ಧೈರ್ಯ ಸಾಲಲಿಲ್ಲ, ಇವತ್ತ ಅಂದ್ನಿ, ಗ್ವಾಡಿ ನೋಡಕೋತ ಅಂದ್ನಿ, ಆಕಿ ಕಾಲಿಗೆ ಬಿದ್ದ ಅವ್ವಾ ಅಂದ್ಲು. ಹುಡುಗಿ ಛಲೋ ಅದಾಳ, ಅದ ನನ್ನ ಸಂಕಟ, ಕೆಟ್ಟಾಕಿ ಇದ್ದಿದ್ರ ಮನಸಿನ್ಯಾಗರ ಬೈದ ಹಗುರ ಆಗತಿದ್ನಿ. ಆಮ್ಯಾಲೆ ಧಾರವಾಡದಾಗ ಫೇಡೆ ತಗೊಳಾಕ ನಿಂತಾಗ, ಮಾನಸಿ ಕೂಸು ಇಬ್ಬರೂ ಕೆಳಗ ಇಳದಾಗ, ಅಳಿಯಾ ಸ್ಟೇರಿಂಗ್ ಹಿಡಕೊಂಡ ಹಿಂದ ತಿರಗಲಾರದ, ಅತ್ತೀ ಒಂದ ಮಾತ್ರಿ, ಕೂಸಿಗೆ ಇನ್ನಾ ಹೇಳಿಲ್ಲರಿ, ದೊಡ್ಡಾಕಿ ಆಗಲಿ, ಸದ್ಯೇಕ ಭಾಗ್ಯಾನ ಹೆಸರ ತಗೀಬ್ಯಾಡ್ರಿ — ಹೂಂನಪಾ ಅಂದ್ನಿ, ಮತ್ತೇನ ಅನ್ನಲಿ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಹೆಸರ ನಾ ತಗೊಳ್ಳಾಕ ಇಂವನ ಅಪ್ಪಣಿ ಬೇಕೇನ ಅಂತ ನಾಲಿಗಿ ತುದಿಗೆ ಬಂದಿತ್ತು, ಅಂದಿದ್ರ ಗಾಡಿ ಹೊಳ್ಳಿಸಿ ನನ್ನ ಮನಿಗೆ ಬಿಟ್ಟ ಹೋಗತಿದ್ದ, ಮತ್ತ ಈ ಕೂಸ ನನಗ ಫೋನಿನ್ಯಾಗಷ್ಟ, ಟಾಟಾ ಅಜ್ಜಿ, ಟಾಟಾ, ಮುಗೀತು. ಹೆಸರ ನುಂಗಿದ್ರ ಮೊಮ್ಮಗಳು ಸಿಗತಾಳ. ನುಂಗಿದ್ನಿ.

ಭಾಗೂಗ ಗಾಡಿನ ಆಗತಿದ್ದಿಲ್ಲ, ಸುಳ್ಳ ಅನ್ನೂ ಊರಿಗೆ, ನನ್ನ ತವರಮನಿಗೆ ಹೋಗೂದು ಎಷ್ಟ ದೂರದ ಹಾದಿ, ಅಷ್ಟರಾಗ ಬಸ್ಸಿನ ಕಿಡಕ್ಯಾಗಿಂದ ವಾಂತಿ, ಮುಟಿಗ್ಯಾಗ ಲಿಂಬಿಹಣ್ಣ, ಅವ್ವಾ ಊರ ಬಂತೇನ, ಬಂತ ಬಂತ ಸುಮ್ಮ ಕುಂಡ್ರ — ಧಾರವಾಡ ದಾಟಿದ ಕೂಡಲೆ ಈ ಕೂಸೂ ನನ್ನ ಸೀರಿ ಮ್ಯಾಲೆ ವಾಂತಿ ಮಾಡಕೊಂತು, ಬಾಯಿ ಒರಸಕೋತ ಅಯ್ಯ ನನ್ನ ವಚನಾ, ನೀನೂ ಥೇಟ್ ನಿಮ್ಮ — ಅಂದ ನಿಂತ್ನಿ, ಅಳಿಯಾನ ಕಣ್ಣ ಕನ್ನಡ್ಯಾಗ, ಥೇಟ್ ನಿಮ್ಮಪ್ಪನಂಗ ಅಂದ್ನಿ, ಅಂವಗ ಎಂದ ವಾಂತಿ ಆಗಿತ್ತೋ, ಸುಳ್ಳ ಹೇಳೂದು ಎಷ್ಟ ಸಸಾರ, ಒಂದ ಹೇಳಿದ್ರ ಎರಡನೇದ್ದ ತಾನ ಬರತೈತಿ.

ಅವಲಕ್ಕಿ ಪ್ಲೇಟ ಕೈಗೆ ಬಂತು, ಬಿಸಿ ಐತ್ರಿ ಅವ್ವಾ, ಸಾವಕಾಶ, ಅಳಿಯಾ ಮೆಟ್ಟಿಲ ಮ್ಯಾಲೆ ಕುಂತಾನ, ಕೂಸ ನನ್ನ ತೊಡಿ ಮ್ಯಾಲೆ, ಕೈಯಾಗಿನ ಬಟ್ಟ, ಒಂದೊಂದ ಬೆರಳ ಹಿಡದ ಎಣಿಸಾಕತ್ತೈತಿ, ಪಪ್ಪಾನ ಅವ್ವ ಪುಣೆ ಅಜ್ಜಿ, ಮಮ್ಮಿ ಅವ್ವ ಬೆಳಗಾವಿ ಅಜ್ಜಿ, ಅಜ್ಜಿ, ನೀ ಯಾರ ಅವ್ವ? ಅಳಿಯಾನ ಕೈಯಾಗಿನ ಚಮಚಾ ನಿಂತತು. ಲಾರಿ ಒಂದ ಹಾದ ಹೋತು, ಗಾಡಿ ಅಳಗ್ಯಾಡ್ತು, ಮಾನಸಿ ಒಲಿ ಬಂದ ಮಾಡಿ ಹೊಳ್ಳಿದ್ಲು, ಆಕಿ ಕಣ್ಣ ತುಂಬಿದ್ವು, ವಚನಾ, ಇಲ್ಲೆ ಕೇಳ ಪುಟ್ಟಿ, ಅಜ್ಜಿ ಅಂದ್ರ — ಆಕಿ ಹೇಳಾಕಿ ಇದ್ಲು, ಖರೇನ ಹೇಳಾಕಿ ಇದ್ಲು, ನಾನ ನಡುವ ಬಾಯಿ ಹಾಕಿದ್ನಿ, ನಿಮ್ಮ ಮಾನಸಿ ಮಮ್ಮಿ ಅವ್ವ ನಾನು, ಬೆಳಿಗ್ಗೆ ಉಡಿ ತುಂಬಿದ್ದ ನೋಡಲಿಲ್ಲೇನ, ಮಗಳಿಗೆ ಅವ್ವನ ಉಡಿ ತುಂಬಾಕಿ. ಭಾಗೂ, ನಿನ್ನ ಜಾಗಾ ಕೊಟ್ಟಿದ್ನಿ, ಈಗ ನಿನ್ನೂ ಕೊಟ್ಟ ಬಿಟ್ನಿ. ಕೂಸ ಬಿಡತೈತೇನ, ಬೆಳಗಾವಿ ಅಜ್ಜಿ ಮತ್ತ? ಆಕಿನೂ ಅವ್ವನ. ಇಬ್ಬರ ಅವ್ವಂದಿರೇನ? ಹೂಂನವಾ, ಕೆಲವರಿಗೆ ಇರತಾರ. ಎರಡ ಬಟ್ಟ ಎತ್ತಿತು, ಅವಲಕ್ಕಿ ಹತ್ತಿದ ಎರಡ ಸಣ್ಣ ಬಟ್ಟ, ನನ್ನ ಮಾರಿ ಮುಂದ ಹಿಡೀತು, ಅಜ್ಜಿ, ನನಗೂ ಇಬ್ಬರೇನ?

ಅಳಿಯಾ ನೆಲಾ ನೋಡಾಕತ್ತಾನ, ಮಾನಸಿ ನನ್ನ ನೋಡಾಕತ್ತಾಳ, ಹೇಳ್ರಿ ಅವ್ವಾ ಅನ್ನೂ ಹಂಗ ನೋಡಾಕತ್ತಾಳ, ಬಟ್ಟ ಎರಡೂ ಹಂಗ ನಿಂತಾವ, ಇನ್ನೂ ನಿಂತಾವ, ನಾ ಆ ಕೈ ಹಿಡಕೊಂಡ್ನಿ, ಇಲ್ಲವಾ, ನಿನಗ ಒಬ್ಬಾಕಿನ, ಅಂದ ಒಂದ ಬಟ್ಟ ಮಡಚಿದ್ನಿ, ಮೆಲ್ಲಕ ಮಡಚಿದ್ನಿ, ಅದು ಮತ್ತ ಎದ್ದ ನಿಂತಿತು, ಮತ್ತ ಮಡಚಿದ್ನಿ, ಭಾಗೂನ ಬಟ್ಟ, ನನ್ನ ಕೈಯಿಂದನ, ಮಡಚಿ, ಹಿಡಕೊಂಡ ಕುಂತೇನಿ