ಅಂತಾರೆ

"ಅಂತಾರಾಷ್ಟ್ರೀಯ ಕಾನೂನನ್ನ ನಿಮಗೆ ಹೇಗೆ ಕಲಿಸ್ತಾರೆ? ಭಯ ಬೇಡ, ಹೇಳಿ" ಎಂದು ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರ್ ಕೇಳಿದ್ದೇ ತಡ, ಅಮರೇಶ್ ಎದ್ದು ನಿಂತ. ಚೆನ್ನಾಗಿ ಹೇಳಿದವರಿಗೆ ಬೆಂಗಳೂರಿನ ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾತಾಡುವ ಅವಕಾಶವಿತ್ತು. ಅದು ತನ್ನದೇ ಎಂದು ನಂಬಿ ಅವನು ಹೊಸ ಕಪ್ಪು ಕೋಟನ್ನೂ ಹೊಲಿಸಿ ತೊಟ್ಟು ಬಂದಿದ್ದ. ಚಳ್ಳಕೆರೆಯ ಆ ಲಾ ಕಾಲೇಜಿನಲ್ಲಿ ಅವನಷ್ಟು ಶುದ್ಧ ಕನ್ನಡ ಆಡುವವರು ಇನ್ಯಾರಿದ್ದರು?

"ನಮ್ಮ ಮರುಳಪ್ಪ ಸಾರ್ ಅವರು ವಿಷಯ ಮನದಟ್ಟಾಗುವಂತೆ ನೋಟ್ಸ್ ಬರೆಸುತ್ತಾರೆ" ಎಂದು ಬಾಯಿಪಾಠ ಒಪ್ಪಿಸಿದ. ಪ್ರೊಫೆಸರ್ ಆಕಳಿಕೆಯನ್ನು ಕೈಯಿಂದ ಮರೆಮಾಡಿದರು.

ಆಮೇಲೆ ಮೊಳಕಾಲ್ಮೂರಿನ ಮೆಕ್ಯಾನಿಕ್ ಜಿಲಾನ್ ಬಾಷಾರ ಮಗ ತಾರಿಕ್ ಎದ್ದ.

"ಹೆಸರಲ್ಲೇ ಐತಲ್ಲ ಸಾರ್, ಅಂತಾರೆ! ಒಬ್ಬ ಪಂಡಿತ್ರು ಹಿಂಗಂತಾರೆ, ಇನ್ನೊಬ್ರು ಹಂಗಂತಾರೆ. ನಾವು ಬರ್ಕೊಂತೀವಿ. ನೀವೇನಂತೀರಿ ಅಂತ ನಮ್ಮನ್ನ ಕೇಳಿದ್ದು ಇವತ್ತೇ ಮೊದ್ಲು."

ಪ್ರೊಫೆಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುಳಪ್ಪನವರೂ ತಲೆ ಕೆರೆದುಕೊಂಡು ನಕ್ಕರು. ಬೆಂಗಳೂರಿಗೆ ತಾರಿಕನೇ ಎಂದಾಯಿತು. ಅಮರೇಶನ ಹೊಟ್ಟೆಗೆ ಬೆಂಕಿ ಬಿತ್ತು. ಮನೆಯಲ್ಲಿ ಉರ್ದು ಆಡುವವನು ಕನ್ನಡದಲ್ಲಿ ನಗಿಸಿ ಗೆದ್ದುಬಿಟ್ಟನಲ್ಲ!

ಸಂಜೆ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ತಾರಿಕ್ ಎಂದಿನಂತೆ ಇಬ್ಬರಿಗೂ ಸೀಟು ಹಿಡಿದಿದ್ದ. ಅಮರೇಶ್ ಸೆಕೆಗೆ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಎಲ್ಲಾ ನಿನ್ನ ಉಪಕಾರ ಕಣಲೇ" ಎಂದ ತಾರಿಕ್. "ಅಂತರಾನೋ ಅಂತಾರಾನೋ ಅಂತ ನಾನು ಬರೆಯಾಕೆ ತಡವರಿಸ್ತಿದ್ದಾಗ, 'ಅಂತಾರೆ ಅಂತ ನೆನಪಿಟ್ಕೊಳ್ಳೋ ದಡ್ಡ' ಅಂದಿದ್ದೆಯಲ್ಲ, ಅದೇ ಬಾಯಿಗೆ ಬಂತು."

ಅಮರೇಶನಿಗೆ ಇನ್ನಷ್ಟು ಉರಿಯಿತು. ತನ್ನದೇ ಮಾತು. ಎದ್ದು ನಿಂತಾಗ ತನಗೇಕೆ ಹೊಳೆಯಲಿಲ್ಲ?

"ಬೆಂಗ್ಳೂರಿಗೆ ಈ ಕೋಟು ಕೊಡ್ತೀಯಾ? ಬಂದ ತಕ್ಷಣ ವಾಪಸ್ ಕೊಡ್ತೀನಿ."

"ನಿಂಗೆ ಆಗಲ್ಲ ಬಿಡು. ತೋಳು ಗಿಡ್ಡ ಆಗ್ತೈತೆ."

"ನೋಡಾನ ತಡಿ" ಎಂದು ತಾರಿಕ್ ಕೋಟನ್ನೆತ್ತಿ ಕೂತಲ್ಲೇ ತೊಟ್ಟ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು.

"ಥೇಟ್ ಲಾಯರ್ ಸಾಹೇಬ್ರು ಇದ್ದಂಗದೀಯಪ್ಪ" ಎಂದಳು ಪಕ್ಕದ ಸೀಟಿನ ಮುದುಕಿ.

"ಬಿಚ್ಚು, ಸಾಕು" ಎಂದು ಅಮರೇಶ್ ಕೋಟನ್ನು ಎಳೆದುಕೊಂಡ. ತಾನೇ ತೊಟ್ಟು ಗುಂಡಿಗಳನ್ನೆಲ್ಲ ಹಾಕಿಕೊಂಡ. ಏಪ್ರಿಲ್ ತಿಂಗಳ ಬಿಸಿಲು ಇನ್ನೂ ಇಳಿದಿರಲಿಲ್ಲ. ಅವನ ಕುತ್ತಿಗೆಯಿಂದ ಬೆವರು ಕಾಲರಿನೊಳಕ್ಕೆ ಹರಿಯುತ್ತಿತ್ತು. ತಾರಿಕ್ ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿ ಗಾಳಿ ಬಿಟ್ಟ. ತಾನು ಇಳಿಯಬೇಕಾದ ಬಿ.ಜಿ. ಕೆರೆ ಬರುವವರೆಗೂ ಅಮರೇಶ್ ಒಂದು ಗುಂಡಿಯನ್ನೂ ಬಿಚ್ಚಲಿಲ್ಲ.