ನೀಲಿ ತಂತಿ ಸುತ್ತಿದ ಕುರ್ಚಿ

ಕುರ್ಚಿಯ ಮೇಲೆ ಕೂರಬಾರದಿತ್ತು. ಕೋಕಿಲಾಗೆ ಅದು ಹೊಳೆಯುವಷ್ಟರಲ್ಲಿ ಕೂತಾಗಿತ್ತು.

"ನೀವು ನಿಂತ್ರೆ ನಂಗೆ ಸಂಕಟ ಆಗ್ತದೆ ಅಕ್ಕ" ಎಂದು ಅಂಜಿನಮ್ಮ ಸೆರಗಿನಿಂದ ಎರಡೆರಡು ಸಲ ಒರೆಸಿ ಕೂರಿಸಿದ್ದಳು. ಹಲಸೂರು ಕೆರೆಯ ಹಿಂದಿನ ಆ ಒಂದೇ ಕೋಣೆಯಲ್ಲಿ ಇದ್ದದ್ದು ಒಂದು ಒಲೆ, ಎರಡು ಪಾತ್ರೆ, ಮಡಿಸಿಟ್ಟ ಕಂಬಳಿ. ನಡುವೆ ಬೀಗರ ಹಾಗೆ ಈ ಕುರ್ಚಿ. ಅದರ ಬಲಗೈ ಮುರಿದಿತ್ತು. ನೀಲಿ ತಂತಿ ಸುತ್ತಿ ಬಿಗಿದಿದ್ದರು.

ಕೋಕಿಲಾ ಶಿಶುಪೋಷಣಾ ಸಂಘದ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ತುಂಬಿ, ಕಾರ್ಯದರ್ಶಿ ಸೀತಾಲಕ್ಷ್ಮಮ್ಮ ಸಹಿ ಹಾಕಿದರೆ ಮಗುವಿಗೆ ಹಾಲಿನ ಕಾರ್ಡು. ಮಗು ಮೂಲೆಯಲ್ಲಿ ಮಲಗಿತ್ತು. ಒಂದೂವರೆ ವರ್ಷ ಎಂದಳು ತಾಯಿ. ನೋಡಿದರೆ ಎಂಟು ತಿಂಗಳಿಗಿಂತ ಹೆಚ್ಚು ಅನ್ನಿಸುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ.

ಹೆಸರು. ಗಂಡನ ಕಸುಬು. ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಬಿದ್ದು ಊರು ಸೇರಿದ್ದಾನೆ. ಹತ್ತು ಪ್ರಶ್ನೆ ಸಲೀಸಾಗಿ ಮುಗಿದವು. ಹನ್ನೊಂದನೆಯದು: ಮನೆಯಲ್ಲಿ ಕುರ್ಚಿ ಇದೆಯೇ?

ಕೆಲಸಕ್ಕೆ ಸೇರಿದ ದಿನವೇ ಸೀತಾಲಕ್ಷ್ಮಮ್ಮ ಹೇಳಿಕೊಟ್ಟಿದ್ದರು. "ಕಣ್ಣೀರು ನೋಡ್ಬೇಡ ಕಣಮ್ಮ, ಕುರ್ಚಿ ನೋಡು. ಕುರ್ಚಿ ಇರೋ ಮನೆಗೆ ಕಾರ್ಡಿಲ್ಲ. ಯಾಕೆ ಕೇಳ್ತಿದೀಯ ಅಂತ ಮಾತ್ರ ಬಾಯಿ ಬಿಡ್ಬೇಡ." ಕೋಕಿಲಾ ತಲೆಯಾಡಿಸಿದ್ದಳು. ಬಿ.ಎ.ಯಲ್ಲಿ ನೀನು ಕಲಿತದ್ದು ಅದೊಂದೇ ಎಂದು ಅಣ್ಣ ಸೀನ ಆಡಿಕೊಳ್ಳುತ್ತಿದ್ದ.

ಆ ಪ್ರಶ್ನೆ ಅವಳಿಗೆ ಹೊಸದಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಐವತ್ತೇಳರಲ್ಲಿ, ಶಿವಾಜಿನಗರದ ಅವರ ವಠಾರಕ್ಕೂ ಹೀಗೇ ಒಬ್ಬರು ಫಾರಂ ಹಿಡಿದು ಬರುತ್ತಿದ್ದರು. ಬರುವ ದಿನ ಬೆಳಿಗ್ಗೆ ಅಮ್ಮ, ತೀರಿಕೊಂಡ ಅಪ್ಪನ ಬೆತ್ತದ ಕುರ್ಚಿಯನ್ನು ಎದುರುಮನೆ ಕಮರುನ್ನೀಸಾ ಬೇಗಂ ಅವರಲ್ಲಿಗೆ ಸಾಗಿಸುತ್ತಿದ್ದಳು. ಮುಂದಿನ ಕಾಲು ಅಮ್ಮನಿಗೆ, ಹಿಂದಿನ ಕಾಲು ಕೋಕಿಲಾಗೆ. ಅಲ್ಲಿ ಅದರ ಮೇಲೆ ಬೇಗಂ ಅವರ ಗಂಡ ಚಾಂದ್ ಪಾಷಾ ಸಾಹೇಬರು ಕೂತು ನ್ಯಾಯಾಧೀಶರ ಹಾಗೆ ಕೆಮ್ಮುತ್ತಿದ್ದರು. "ಇವತ್ತು ನಾನು ಜಡ್ಜ್. ಕೋಕಿಲಾ ಬೀಬಿ, ನಿಮ್ದು ಏನು ಕೇಸು?"

ಇತ್ತ ಅವರ ಮನೆಯಲ್ಲಿ ಫಾರಂ ಹಿಡಿದು ಬಂದ ಹೆಂಗಸು ಚಾಪೆಯ ಮೇಲೆ ಕೂರಲಾರದೆ ಕೊನೆಯವರೆಗೂ ನಿಂತೇ ಬರೆಯುತ್ತಿದ್ದಳು.

ಅಮ್ಮನಿಗೆ ಗೊತ್ತಿತ್ತು. ಅಂಜಿನಮ್ಮನಿಗೆ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

"ಈ ಕುರ್ಚಿ ಯಾರದು?" ಎಂದಳು ಕೋಕಿಲಾ. ಉತ್ತರವನ್ನೂ ಸೇರಿಸಿಯೇ ಕೊಟ್ಟ ಹಾಗೆ.

"ನಮ್ದೇ ಅಕ್ಕ."

"ಪಕ್ಕದ ಮನೆಯವ್ರು ಯಾರಾದ್ರೂ..."

ಅಂಜಿನಮ್ಮನ ಮುಖ ಬಿಗಿಯಿತು. "ಯಾಕೆ, ನಮ್ ಮನೇಲಿ ಒಂದು ಕುರ್ಚಿ ಇರ್ಬಾರ್ದಾ? ಹಾಲು ಕೇಳ್ತೀವಿ ಅಂತ ಬಂದೋರನ್ನ ನೆಲದ್ ಮೇಲೆ ಕೂರಿಸೋ ಜನ ಅಲ್ಲ ನಾವು."

ಬೆನ್ನ ಹಿಂದೆ ಹಿರಿಯ ಮಗಳು ಶಾಂತಕುಮಾರಿ ಬಂದು ನಿಂತಿದ್ದಳು. ಮೂರನೇ ಕ್ಲಾಸು. ಫಾರಮ್ಮಿನ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. "ಮ-ನೆ-ಯಲ್ಲಿ ಕುರ್ಚಿ ಇ-ದೆ-ಯೇ. ಅವ್ವ, ಕುರ್ಚಿ ಇದ್ಯಾ ಅಂತ ಅಚ್ಚು ಹಾಕವ್ರೆ."

"ನೋಡ್ದ್ಯಾ? ಮನೇಲಿ ಕುರ್ಚಿ ಇರ್ಬೇಕು ಅಂತ ಅದ್ಕೇ ಹೇಳಿದ್ದು" ಎಂದಳು ತಾಯಿ, ಗೆದ್ದವಳಂತೆ. "ಇದೆ ಅಂತ ಬರ್ಕೊಳ್ಳಿ ಅಕ್ಕ."

ಕೋಕಿಲಾ ಪೆನ್ನು ಎತ್ತಿಕೊಂಡೇ ಇದ್ದಳು. ಒಂದು ಹನಿ ಮಸಿ ಕುರ್ಚಿಯ ಕೈಮೇಲೆ ಬಿತ್ತು. ಇಲ್ಲ ಎಂದು ಬರೆಯುವುದಕ್ಕೆ ಎರಡೇ ಅಕ್ಷರ. ಆದರೆ ಹುಡುಗಿಯ ಉಸಿರು ಕಿವಿಗೆ ತಾಗುತ್ತಿತ್ತು.

"ಮಿಸ್, ಇ ಮೊದಲು, ಆಮೇಲೆ ದೆ" ಎಂದಳು ಶಾಂತಕುಮಾರಿ.

ಕೋಕಿಲಾ ಬರೆದಳು.

"ಕರೆಕ್ಟ್" ಎಂದಳು ಹುಡುಗಿ.

ಹೊರಗೆ ಬಂದು ಕೆರೆ ಏರಿಯ ಕಲ್ಲೊಂದರ ಮೇಲೆ ಕೂತಳು. ಕೆರೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಕಂಡ ಮೇಲೆ ಸದ್ದು ಕಿವಿಗೆ ಬರುತ್ತಿತ್ತು. ಇದೆ ಎಂಬುದನ್ನು ಹೊಡೆದುಹಾಕಿ ಇಲ್ಲ ಎಂದು ಬರೆಯಬಹುದು. ಸೀತಾಲಕ್ಷ್ಮಮ್ಮ ಕೇಳುತ್ತಾರೆ. ಎರವಲು ಕುರ್ಚಿ ಎನ್ನಬೇಕು. ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಆಗ ತಮ್ಮ ಮನೆಯ ಬೆತ್ತದ ಕುರ್ಚಿಯ ಕಥೆಯಿಂದ ಶುರುಮಾಡಬೇಕು. ಹೊಸ ಬಡಾವಣೆಯ ಮನೆಯಲ್ಲಿ ಅಮ್ಮ ಈಗ ಬಂದವರಿಗೆಲ್ಲ ಸೋಫಾ ತೋರಿಸುತ್ತಾಳೆ. 'ಅದೆಲ್ಲ ಆಗಿಹೋದದ್ದು ಕಣೇ, ಯಾರ ಮುಂದೂ ಎತ್ತಬೇಡ.'

ಪೆನ್ನಿನ ಮುಚ್ಚಳ ತೆಗೆದಳು. ಹಾಕಿದಳು.

ಸಂಜೆ ಕುರ್ಚಿ ವಾಪಸು ಬರುತ್ತಿದ್ದ ಹೊತ್ತು ಎಷ್ಟು ಚೆನ್ನಾಗಿತ್ತು. ಕಮರುನ್ನೀಸಾ ಬೇಗಂ ಅದನ್ನು ಖಾಲಿ ಕಳಿಸಿದವರೇ ಅಲ್ಲ. ಬೆತ್ತದ ಮೇಲೆ ಒಂದು ಬಟ್ಟಲು, ಮೇಲೊಂದು ತಟ್ಟೆ ಮುಚ್ಚಿ, ಶ್ಯಾವಿಗೆ ಪಾಯಸ. ಪಾಯಸ ತುಳುಕದ ಹಾಗೆ ಸಾಹೇಬರೇ ಕುರ್ಚಿಯನ್ನು ಪಲ್ಲಕ್ಕಿಯಂತೆ ಎತ್ತಿಕೊಂಡು ಬೀದಿ ದಾಟುತ್ತಿದ್ದರು. ಅಮ್ಮ ಅದನ್ನು ತಿನ್ನುತ್ತಿರಲಿಲ್ಲ. ನೀನು ತಿನ್ನಬೇಡ ಎಂದೂ ಹೇಳುತ್ತಿರಲಿಲ್ಲ. ಬೆನ್ನು ಮಾಡಿ ದೀಪ ಹಚ್ಚುತ್ತಿದ್ದಳು. ಕಾರ್ಡಿನ ಹಾಲಿನ ಪುಡಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ನಾಲಿಗೆಯಿಂದ ಕೆರೆದಷ್ಟೂ ಸಿಹಿ. ಆದರೆ ನೆನಪಾಗುವುದು ಪಾಯಸವೇ.

ಆಗ ಒಂದು ಕುರ್ಚಿ ಬಚ್ಚಿಡಲು ಒಂದು ಮನೆ ಇತ್ತು. ಈಗ ಅವಳಿಗೆ ಈ ಎರಡಕ್ಷರ ಬಚ್ಚಿಡಲು ಯಾರ ಮನೆಯೂ ಹೊಳೆಯಲಿಲ್ಲ.

ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರಿದ್ದವು. ಫಾರಮ್ಮನ್ನು ಹಾಗೇ ಬ್ಯಾಗಿಗೆ ತುರುಕಿ ಎದ್ದಳು.

ಮುಂದಿನದು ದೊಡ್ಡಮುನಿಯಮ್ಮನ ಮನೆ, ಅದೇ ಸಾಲಿನ ಕೊನೆಗೆ. ತಾಯಿಯಿಲ್ಲದ ಮೊಮ್ಮಗಳನ್ನು ಸಾಕುತ್ತಿರುವ ಮುದುಕಿ. ಬಾಗಿಲ ಹೊರಗೆ ಶಾಂತಕುಮಾರಿ ಗೋಡೆಗೊರಗಿ ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು, ಹಣೆಯ ಕೂದಲು ಬೆವರಿಗೆ ಅಂಟಿತ್ತು. ಕೋಕಿಲಾಳನ್ನು ಕಂಡು ಮುಖ ತಿರುಗಿಸಿದಳು, ಮೊದಲು ನೋಡಿಯೇ ಇಲ್ಲವೆಂಬಂತೆ.

"ಬನ್ನಿ ತಾಯಿ, ಬನ್ನಿ" ಎಂದಳು ದೊಡ್ಡಮುನಿಯಮ್ಮ. ಮಗು ಅವಳ ಸೊಂಟದ ಮೇಲೆ ಮುಷ್ಟಿ ಚೀಪುತ್ತಿತ್ತು. "ಬಡವ್ರ ಮನೆ. ಆದ್ರೂ ನೀವು ಕೂತ್ಕೊಳ್ಳೋಕೆ ಜಾಗ ಐತೆ."

ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಕೋಣೆಯ ನಡುವೆ ಅದು ಕಂಡಿತು. ಬಲಗೈಗೆ ನೀಲಿ ತಂತಿ. ಮಸಿಯ ಹನಿಯನ್ನು ಯಾರೋ ಒದ್ದೆ ಬಟ್ಟೆಯಿಂದ ಉಜ್ಜಿದ್ದರು. ಹೋಗಿರಲಿಲ್ಲ, ಕೈಯುದ್ದಕ್ಕೂ ಹರಡಿತ್ತು.

"ಕೂತ್ಕೊಳ್ಳಿ ತಾಯಿ."

ಈ ಮನೆಯ ಫಾರಮ್ಮಿನಲ್ಲೂ ಹನ್ನೊಂದನೆಯ ಪ್ರಶ್ನೆ ಅದೇ. ಕೋಕಿಲಾ ನಿಂತೇ ಇದ್ದಳು. ಒರೆಸಿದ ಹಲಗೆ ಇನ್ನೂ ಆರಿರಲಿಲ್ಲ. ಅದರ ಮೇಲೆ ಏನೂ ಇರಲಿಲ್ಲ. ಮುಚ್ಚಿದ ಬಟ್ಟಲೊಂದು ಇರಲೇಬೇಕಿತ್ತು ಎಂಬಂತೆ ಅವಳು ಅಲ್ಲೇ ನೋಡುತ್ತಿದ್ದಳು.